ಪೈಥಾನ್ ಕಲಿಯಲು ಈ ಮೂರು ಪುಸ್ತಕಗಳಲ್ಲಿ ಯಾವುದು ಬೆಸ್ಟ್?

ದಾವಣಗೆರೆಯಲ್ಲಿ ಬಿಸಿಎ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಎದುರಿಗೆ ಮೂರು ಪುಸ್ತಕ, ಯಾವುದನ್ನು ಹಿಡಿಯಲಿ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಅದೇ ಊರಲ್ಲಿ ಅದೇ ಬಿಸಿಎ ಓದುತ್ತಿದ್ದೆ. ಹೊಳಲ್ಕೆರೆಯಿಂದ ಬಂದು ಹಾಸ್ಟೆಲ್‌ನಲ್ಲಿದ್ದೆ. ರೂಮ್ ಖಾಲಿ ಮಾಡುತ್ತಿದ್ದ ಸೀನಿಯರ್ ಒಬ್ಬರು ದಪ್ಪ ಪುಸ್ತಕವೊಂದನ್ನು 120 ರೂಪಾಯಿಗೆ ಕೊಟ್ಟರು. ಒಳ್ಳೆಯ ಪುಸ್ತಕವೇ, ಆದರೆ ಹಳೆಯ ಆವೃತ್ತಿ ಪೈಥಾನ್ 2ರದ್ದು.

ಮೊದಲ ಪ್ರೋಗ್ರಾಮಿಗೇ ಎರರ್ ಬಂತು. ಪುಸ್ತಕದಲ್ಲಿ ಪ್ರಿಂಟ್ (ಪರದೆಯ ಮೇಲೆ ತೋರಿಸು ಅನ್ನುವ ಆಜ್ಞೆ) ಮುಂದೆ ಬ್ರಾಕೆಟ್ ಇರಲಿಲ್ಲ. ಲ್ಯಾಬ್‌ನಲ್ಲಿದ್ದ ಹೊಸ ಆವೃತ್ತಿ ಪೈಥಾನ್ 3ಕ್ಕೆ ಬ್ರಾಕೆಟ್ ಬೇಕು. ಆಗ ಪುಸ್ತಕ ಬದಲಿಸಬೇಕಿತ್ತು. ನಾನು ಗೆಳೆಯನ ಲ್ಯಾಪ್‌ಟಾಪ್‌ಗೆ ಪೈಥಾನ್ 2.7 ಹಾಕಿಕೊಂಡೆ. ನನ್ನ ತಪ್ಪು ಇದೇ. ಪ್ರಿಂಟ್‌ನಂಥ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳಬಹುದು. ಭಾಗಾಕಾರ ಹಾಗಲ್ಲ. ಪೈಥಾನ್ 2ರಲ್ಲಿ 7/2 ಅಂದರೆ 3. ಪೈಥಾನ್ 3ರಲ್ಲಿ ಅದು 3.5. ಪೂರ್ಣಾಂಕ ಬೇಕಿದ್ದರೆ ಎರಡು ಓರೆಗೆರೆ ಹಾಕಬೇಕು, 7//2 ಅಂತ. ಎಂಟು ತಿಂಗಳು ನಾನು ಒಂದೇ ಗೆರೆ ಹಾಕುತ್ತಾ ಬಂದೆ. ಎಲ್ಲೂ ಎರರ್ ಬರಲಿಲ್ಲ, ಅಭ್ಯಾಸವಾಗಿ ಕೂತಿತು.

ಬೆಂಗಳೂರಿನಲ್ಲಿ ಕೆಲಸದ ಪರೀಕ್ಷೆ. ಬೈನರಿ ಸರ್ಚ್, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು (ಲಿಸ್ಟ್) ಅರ್ಧರ್ಧ ಮಾಡುತ್ತಾ ಹುಡುಕುವ ಪ್ರೋಗ್ರಾಂ, ಬರೆಯಲು ಕೇಳಿದ್ದರು, ನನಗೆ ಬಾಯಿಪಾಠ ಇದ್ದದ್ದೇ. ಅಲ್ಲಿದ್ದದ್ದು ಪೈಥಾನ್ 3. ಮಧ್ಯದ ಜಾಗ ಹುಡುಕಲು ಎರಡರಿಂದ ಭಾಗಿಸಿದರೆ ದಶಮಾಂಶ ಬಂತು, ಲಿಸ್ಟ್ ಅದನ್ನು ಒಪ್ಪಲಿಲ್ಲ. ಲಾಜಿಕ್ಕೇ ತಪ್ಪಿರಬೇಕು ಅಂತ ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಬರೆದೆ. ಅದೇ ಎರರ್. ಸಮಯ ಮುಗಿಯಿತು. ಒಂದು ಗೆರೆ ಕಮ್ಮಿ ಇತ್ತು, ಅಷ್ಟೇ. ರಾತ್ರಿ ರೈಲಿನಲ್ಲಿ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬಂತು.

ಹಾಗಾಗಿ ಯಾವುದು ಬೆಸ್ಟ್ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪುಸ್ತಕ ಯಾವ ಪೈಥಾನ್‌ಗೆ ಬರೆದದ್ದು ಅಂತ ಮೊದಲು ನೋಡಿ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಆಮೇಲೂ ಬಹಳ ವರ್ಷ ಎರಡೂ ಜೊತೆಗೇ ನಡೆದವು, ಅದಕ್ಕೇ ಅಚ್ಚಾದ ವರ್ಷ ಒಂದನ್ನೇ ನಂಬಬೇಡಿ, ಒಳಗಿನ ಪ್ರೋಗ್ರಾಂಗಳಲ್ಲಿ ಪ್ರಿಂಟ್ ಮುಂದೆ ಬ್ರಾಕೆಟ್ ಇದೆಯಾ ನೋಡಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿದೆ. ಅಂಥ ಪುಸ್ತಕ ಪುಕ್ಕಟೆ ಸಿಕ್ಕರೂ ಬೇಡ.

ಮೂರೂ ಪೈಥಾನ್ 3ರದ್ದೇ ಆದರೆ ಬಿಡಿಸಲು ಕೊಟ್ಟ ಲೆಕ್ಕ ಜಾಸ್ತಿ ಇರುವುದನ್ನು ಇಟ್ಟುಕೊಳ್ಳಿ, ಉಳಿದೆರಡನ್ನು ಗೆಳೆಯರಿಗೆ ಕೊಡಿ. ಸುಮ್ನೆ ಮೂರನ್ನೂ ಓದುತ್ತಾ ಕೂರಬೇಡಿ. ಇವತ್ತೇ ಒಂದು ಬರೆಯಿರಿ: ಬೆಣ್ಣೆ ದೋಸೆಯ ಬಿಲ್ಲನ್ನು ಮೂವರಿಗೆ ಹಂಚುವ ಪ್ರೋಗ್ರಾಂ. ಹೆಸರುಗಳನ್ನು ಕನ್ನಡದಲ್ಲೇ ಹಾಕಿ, ಪೈಥಾನ್ 3 ತೆಗೆದುಕೊಳ್ಳುತ್ತದೆ. ಒಂದು ಗೆರೆ ಹಾಕಿ ನೋಡಿ, ಆಮೇಲೆ ಎರಡು ಹಾಕಿ ನೋಡಿ.