ಮೈನ್ ಬ್ಲಾಸ್ಟ್‌ನಲ್ಲಿ ಕಾಲು ಹೋದ ತಮ್ಮ ಪುಣೆಯಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಬಹುದಾ?

ನಿಮ್ಮ ತಮ್ಮನಿಗೆ ಮೊಣಕಾಲಿನ ಕೆಳಗೆ ಕಾಲಿಲ್ಲ, ಈಗ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್‌ನಲ್ಲಿದ್ದಾನೆ, ಸೈನ್ಯ ಬಿಟ್ಟು ಇಲ್ಲೇ ಸೆಕ್ಯೂರಿಟಿ ಕೆಲಸ ಹಿಡೀತೀನಿ ಅಂತಿದ್ದಾನೆ ಎಂದು ಬರೆದಿದ್ದೀರಿ. ಸೆಕ್ಯೂರಿಟಿ ಮಾತ್ರ ಬೇಡ. ನಾನೂ ಅಲ್ಲೇ ಕಾಲು ಹಾಕಿಸಿಕೊಂಡವನು. ಊರು ಗೋಕಾಕ ಕಡೆ, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದೆ. ಈಗ ಪುಣೆ ಹತ್ತಿರದ ಚಾಕಣದಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುತ್ತೇನೆ.

ಫೌಜಿ ಅಂದ ಕೂಡಲೇ ಎಲ್ಲರೂ ತೋರಿಸುವುದು ಗೇಟನ್ನೇ. ಹನ್ನೆರಡು ತಾಸಿನ ಡ್ಯೂಟಿ, ಅದರಲ್ಲಿ ಜಾಸ್ತಿ ಹೊತ್ತು ನಿಂತೇ ಇರಬೇಕು. ಉಳಿದ ಕಾಲಿನ ತುದಿ, ಸ್ಟಂಪ್ ಅಂತೀವಲ್ಲ, ಅದು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಬೆಳಿಗ್ಗೆ ಸಾಕೆಟ್‌ನಲ್ಲಿ, ಅಂದರೆ ಕೃತಕ ಕಾಲಿನ ಮೇಲ್ಭಾಗದ ಬಟ್ಟಲಿನಲ್ಲಿ, ಬಿಗಿಯಾಗಿ ಕೂತದ್ದು ಸಂಜೆಗೆ ಸಡಿಲ ಆಗುತ್ತದೆ. ನಾನು ಬೆಳಿಗ್ಗೆ ಸ್ಟಂಪ್‌ಗೆ ಒಂದು ಸಾಕ್ಸ್ ಹಾಕಿರುತ್ತೇನೆ, ಊಟದ ಹೊತ್ತಿಗೆ ಇನ್ನೊಂದು ಸೇರಿಸುತ್ತೇನೆ. ಡ್ರಾಯರ್‌ನಲ್ಲಿ ಬಿಲ್ ಬುಕ್ ಪಕ್ಕದಲ್ಲೇ ಸಾಕ್ಸ್ ಇಟ್ಟಿದ್ದೇನೆ. ಗೇಟಿನಲ್ಲಿ ನಿಂತವನು ಕಾಲು ಬಿಚ್ಚಿ ಸಾಕ್ಸ್ ಹಾಕಿಕೊಳ್ಳೋದಕ್ಕೆ ಆಗುತ್ತಾ? ಮಳೆಗಾಲದಲ್ಲಂತೂ ಒಳಗೆ ಬೆವರು, ತುರಿಕೆ. ಒಂದು ಗುಳ್ಳೆ ಎದ್ದರೆ ಅದು ಮಾಯುವವರೆಗೆ ಕಾಲು ಹಾಕುವ ಹಾಗಿಲ್ಲ.

ಸ್ಟೋರ್‌ನಲ್ಲಿ ಕೂತು, ನಡೆದು, ಮತ್ತೆ ಕೂರಬಹುದು. ಕೆಳಗಿನ ಖಾನೆಯ ನಟ್ಟು ಬೋಲ್ಟು ಎಣಿಸಬೇಕಾದರೆ ಖಾಲಿ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂರುತ್ತೇನೆ. ಜಮಖಂಡಿಯ ಹುಡುಗ ಒಬ್ಬ ಏಣಿ ಹತ್ತುತ್ತಾನೆ, ಲೆಕ್ಕ ನನ್ನದು.

ಆದರೆ ಅವಸರ ಯಾಕೆ? ಮೊದಲ ವರ್ಷ ಸ್ಟಂಪ್ ಕುಗ್ಗುತ್ತಾ ಹೋಗುತ್ತದೆ, ಸಾಕೆಟ್ ಬದಲಿಸಬೇಕಾಗುತ್ತದೆ. ಸೈನ್ಯದಲ್ಲೇ ಶೆಲ್ಟರ್ಡ್ ಅಪಾಯಿಂಟ್‌ಮೆಂಟ್, ಅಂದರೆ ಗಾಯಾಳುಗಳು ಮಾಡಬಹುದಾದ ಹಗುರ ಕೆಲಸ, ಸಿಗುವ ಹಾಗಿದ್ದರೆ ಇರಲಿ ಅಂತ ನನ್ನ ಅಭಿಪ್ರಾಯ. ಬಿಡುವುದಾದರೂ ಕಾಗದದಲ್ಲಿ ‘ಬ್ಯಾಟಲ್ ಕ್ಯಾಶುವಲ್ಟಿ’ ಅಂತ ಇದೆಯಾ, ‘ಫಿಸಿಕಲ್ ಕ್ಯಾಶುವಲ್ಟಿ’ ಅಂತ ಇದೆಯಾ ನೋಡಿ. ಯುದ್ಧ, ಕಾರ್ಯಾಚರಣೆಯಲ್ಲಿ ಆದ ಗಾಯ ಮೊದಲನೆಯದು, ಬೇರೆ ರೀತಿ ಆದದ್ದು ಎರಡನೆಯದು. ಮೊದಲನೆಯದಕ್ಕೆ ಸಿಗುವ ವಾರ್ ಇಂಜುರಿ ಪೆನ್ಷನ್ನಿಗೂ ಬರೀ ಡಿಸೆಬಿಲಿಟಿ ಪೆನ್ಷನ್ನಿಗೂ ಹಣದಲ್ಲಿ ದೊಡ್ಡ ಅಂತರ ಇದೆ. ಮೆಡಿಕಲ್ ಬೋರ್ಡ್ ಕಾಗದದ ಪ್ರತಿ ಕೈಗೆ ಬರದೆ ಯೂನಿಟ್ ಬಿಡಬಾರದು.

ಕೆಲಸ ಕಲಿಯೋಕೆ ಪುಣೆಯಲ್ಲೇ ಖಡ್ಕಿಯ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಗಾಯಾಳು ಸೈನಿಕರಿಗಾಗಿಯೇ 1917ರಲ್ಲಿ ಶುರುವಾದದ್ದು. 1965ರ ಯುದ್ಧದಲ್ಲಿ ಗುಂಡು ತಿಂದ ಮುರಳೀಕಾಂತ ಪೇಟ್ಕರ್ 1972ರಲ್ಲಿ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದವರು. ಅವರೂ ಪುಣೆಯ ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟರ್ಸ್) ನೌಕರಿ ಮಾಡಿದವರೇ. ಸೈನಿಕ ಹೊಕಾಟೊ ಸೆಮಾ 2002ರಲ್ಲಿ ಮೈನ್‌ನಿಂದ ಕಾಲು ಕಳೆದುಕೊಂಡು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಗುಂಡೆಸೆತದಲ್ಲಿ ಕಂಚು ಗೆದ್ದರು. ತಮ್ಮನಿಗೆ ಆಟದ ಹುಚ್ಚಿದ್ದರೆ ಹೇಳಿ. ಇಲ್ಲದಿದ್ದರೆ ಸುಮ್ನೆ ಇವರ ಕಥೆ ಹೇಳಿ ಹುರಿದುಂಬಿಸಲು ಹೋಗಬೇಡಿ, ಆಸ್ಪತ್ರೆಗೆ ಬಂದ ನೆಂಟರೆಲ್ಲ ಅದನ್ನೇ ಹೇಳಿರುತ್ತಾರೆ.

ಮುಂದೆ ಎಲ್ಲೇ ಇಂಟರ್‌ವ್ಯೂಗೆ ಹೋದರೂ ಕಂಪನಿ ಬಸ್ ಎಲ್ಲಿ ನಿಲ್ಲುತ್ತೆ, ಅಲ್ಲಿಂದ ಸೀಟಿನವರೆಗೆ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲಿವೆ ಅಂತ ಕೇಳಲಿ. ಸಂಬಳದ ಮಾತು ಆಮೇಲೆ.