ಹಳೇ ಪ್ರೀಮಿಯರ್ ಪದ್ಮಿನಿ ಕಾರು: ಓಡುವಾಗ ಸರಿ, ಉಡುಪಿಯ ಕಲ್ಸಂಕ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ ಆಫ್. ಯಾಕೆ?

ಓಡುವಾಗ ತೊಂದರೆ ಇಲ್ಲ ಅಂದ್ರೆ ಪೆಟ್ರೋಲ್ ಪಂಪ್, ಇಗ್ನಿಷನ್ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಭಾಗ) ಮೇಲೆ ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್‌ನ ಐಡಲ್ ಜೆಟ್ ನೋಡಿ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಬರುವುದು ಆ ಸಣ್ಣ ತೂತಿನಿಂದಲೇ. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಆರಿ, ಅಂಟು ಕಟ್ಟಿ ಅದು ಮುಚ್ಚುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾದ ಮೇಲೆ ಚೋಕ್ ಪೂರ್ತಿ ಒಳಗಿದೆಯೇ (ಅಂದರೆ ಆಫ್ ಆಗಿದೆಯೇ) ನೋಡಿ, ಕಾರ್ಬುರೇಟರ್‌ನ ಮಿಕ್ಸ್ಚರ್ ಸ್ಕ್ರೂ (ಐಡಲ್‌ನ ಪೆಟ್ರೋಲ್-ಗಾಳಿ ಹದ ಹೊಂದಿಸುವುದು) ನಿಧಾನ ಒಳಗೆ ತಿರುಗಿಸಿ. ಎಂಜಿನ್ ಸದ್ದು ಬದಲಾಗಲೇ ಇಲ್ಲವೇ? ಹಾಗಾದರೆ ಜೆಟ್ ಬ್ಲಾಕ್ ಆಗಿರುವ ಸಾಧ್ಯತೆ ಜಾಸ್ತಿ. ಬಿಚ್ಚಿ, ಕಾರ್ಬ್ ಕ್ಲೀನರ್ ಹೊಡೆದು, ಗಾಳಿ ಊದಿಸಿ. ಪಿನ್ ಮಾತ್ರ ಹಾಕಬೇಡಿ, ತೂತು ದೊಡ್ಡದಾದರೆ ಐಡಲಿಂಗ್ ಮತ್ತೆ ಸೆಟ್ ಆಗುವುದಿಲ್ಲ. (ಕೆಲವು ಮೆಕ್ಯಾನಿಕ್‌ಗಳಿಗೆ ಪಿನ್ನೇ ಟೂಲ್!)

ಜೆಟ್ ಸರಿ ಇದ್ದರೆ ಗಾಳಿ ಲೀಕ್, ಅಂದರೆ ಹೊರಗಿನ ಗಾಳಿ ಎಂಜಿನ್‌ಗೆ ನುಗ್ಗುವ ಜಾಗ ಹುಡುಕಿ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್. ಪೈಪನ್ನು ಬೆರಳಲ್ಲಿ ಒತ್ತಿ ಹಿಡಿದಾಗ ಎಂಜಿನ್ ಸುಧಾರಿಸಿದರೆ ಕಳ್ಳ ಸಿಕ್ಕಿದ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಬೇಗ ಹಾಳು ಮಾಡುತ್ತದೆ, ನೀರನ್ನೂ ಹೀರುತ್ತದೆ. ನಮ್ಮ ಉಡುಪಿಯ ಮಳೆಗಾಲ ಗೊತ್ತಲ್ವಾ?

ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಆಫ್ ಆಗುತ್ತದೆಯೇ? ಆಗ ಫ್ಲೋಟ್ ಲೆವೆಲ್ (ಕಾರ್ಬುರೇಟರ್ ಒಳಗಿನ ಪೆಟ್ರೋಲ್ ಮಟ್ಟ) ನೋಡಿಸಿ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ಹಾಕಿಸಿದ್ದರೆ ಅದರ ಪೈಪನ್ನೂ ನೋಡಿ.

ಐಡಲ್ ಸ್ಪೀಡ್ ಏರಿಸಿ ಕಳಿಸುವುದು ರಿಪೇರಿಯಲ್ಲ. ಎಲ್ಲ ಸರಿ ಮಾಡಿ, ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ ಅಂತರ) ಹೊಂದಿಸಿದ ಮೇಲೆ ಕೊನೆಗೆ 800 ಆರ್‌ಪಿಎಂ ಆಸುಪಾಸಿಗೆ ಸೆಟ್ ಮಾಡಿ.