ಹಳೇ ಕಾರು, ಬಲ್ಬ್ ಹೊಸದು ಹಾಕಿದ್ರೂ ಒಂದು ಹೆಡ್‌ಲೈಟ್ ಮಂಕು, ಏನ್ ಮಾಡೋದು?

ಮೊದಲು ಅರ್ಥ್ (ಬಲ್ಬಿನಿಂದ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ) ನೋಡಿ, ನಮ್ಮ ಕಾರವಾರದ ಉಪ್ಪು ಗಾಳಿಗೆ, ಅದ್ರಲ್ಲೂ ಮಳೆಗಾಲ ಕಳೆದ್ಮೇಲೆ, ಕಾರಿನ ಬಾಡೀಲಿ ಬೋಲ್ಟ್ ಹಾಕಿರೋ ಅರ್ಥ್ ವೈರಿನ ತುದೀಲಿ ಹಸಿರು ಕಿಲುಬು ಹಿಡಿದಿರತ್ತೆ. ಲೈಟ್ ಹಾಕಿಟ್ಟು ಬ್ಯಾಟರಿ ಮೈನಸ್‌ನಿಂದ ಒಂದು ದಪ್ಪ ವೈರ್ ತಂದು ಬಲ್ಬ್ ಹೋಲ್ಡರಿನ ಅರ್ಥ್ ಪಿನ್ನಿಗೆ ಮುಟ್ಟಿಸಿ (ಪ್ಲಸ್ ಪಿನ್ನಿಗೆ ತಾಗಬಾರ್ದು, ಜೋಪಾನ), ಬೆಳಕು ಜಾಸ್ತಿ ಆದ್ರೆ ತೊಂದ್ರೆ ಅಲ್ಲೇ ಇದೆ, ಬೋಲ್ಟ್ ಬಿಚ್ಚಿ ಎಮರಿ ಪೇಪರಲ್ಲಿ ಹೊಳೆಯೋವರೆಗೂ ತಿಕ್ಕಿ, ಟೈಟ್ ಮಾಡಿ, ಮೇಲೆ ಗ್ರೀಸ್ ಹಚ್ಚಿ.

ಆಗ್ಲಿಲ್ವಾ, ಹೋಲ್ಡರ್ ಎಳೆದು ನೋಡಿ. ನನ್ನ ಗಾಡೀಲಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಿತ್ತು, ಹೋಲ್ಡರ್ ಬದಲಿಸಿದ್ಮೇಲೆ ಸರಿ ಆಯ್ತು. ದಯವಿಟ್ಟು 100/90 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬ್ ಮಾತ್ರ ಹಾಕ್ಬೇಡಿ, 60/55ಕ್ಕೆ ಅಂತ ಮಾಡಿರೋ ಹಳೇ ವೈರಿಂಗ್ ಸುಟ್ಟೋಗತ್ತೆ.